ದಾರಿ ತಪ್ಪಿದ ಗೈಡುಗಳು

ಕಾಡಿನಲ್ಲಿ ಸಿಕ್ಕಿಕೊಂಡರೆ ಬದುಕಿ ಬರುವುದು ಹೇಗೆಂದು ಮಕ್ಕಳಿಗೆ ಹೇಳಿಕೊಡಲು ಬನ್ನಿ ಎಂದು ಶಶಿ ಫೋನು ಮಾಡಿದಾಗ, ನಾನು ಕೊಳ್ಳೇಗಾಲದ ಬಸ್ ಸ್ಟ್ಯಾಂಡಿನಲ್ಲಿ ಯಳಂದೂರಿನ ಬಸ್ಸೆಂದುಕೊಂಡು ಹನೂರಿನ ಬಸ್ಸು ಹತ್ತಿ ಕುಳಿತಿದ್ದೆ. ಇಡೀ ಆಯುಷ್ಯ ನೌಕರಿ ಮಾಡಿದ ಊರಿನಲ್ಲೇ ದಿಕ್ಕು ತಪ್ಪುವವಳು ಇಂಥ ಕರೆಗೆ ಒಲ್ಲೆ ಎನ್ನುವುದೇ ಧರ್ಮ. ಆದರೆ ನಾನೂ ಒಂದು ಕಾಲದಲ್ಲಿ ಶಾಲೆಯ ಸ್ಕೌಟು-ಗೈಡುಗಳಲ್ಲಿ ಗೈಡ್ ಆಗಿದ್ದವಳು ಎಂಬುದನ್ನು ಯಾರಾದರೂ ನೆನಪಿಸಿದರೆ ನನ್ನ ಬೆನ್ನು ತಾನಾಗಿ ನೆಟ್ಟಗಾಗುತ್ತದೆ. ಬುದ್ಧಿ ಮಾತ್ರ ಸೊಟ್ಟಗಾಗುತ್ತದೆ. "ಬತ್ತೀನಿ ಕಣವ್ವ" ಅಂದುಬಿಟ್ಟೆ.

ಶಶಿ ನನ್ನ ಗೆಳತಿ ನಾಗರತ್ನಳ ಮಗಳು. ಹನೂರಿನ ಕಡೆ ಒಂದು ಹೈಸ್ಕೂಲಿನಲ್ಲಿ ಟೀಚರು. ಅಲ್ಲಿನ ಸ್ಕೌಟು, ಗೈಡು ಮಕ್ಕಳನ್ನು ನೋಡಿಕೊಳ್ಳುವವಳೂ ಅವಳೇ. ಶನಿವಾರ, ಭಾನುವಾರ ಬಿಳಿಗಿರಿರಂಗನ ಬೆಟ್ಟದ ತಪ್ಪಲಿನ ಒಂದು ತೋಟದಲ್ಲಿ ಶಿಬಿರ ಇಟ್ಟುಕೊಂಡಿದ್ದಳು. ಫೋನು ಇಡುವ ಮುಂಚೆ ದನಿ ಸಣ್ಣದು ಮಾಡಿ, "ಆಂಟಿ, ಅಮ್ಮನ್ನೂ ಕರ್ಕೊಂಡ್ ಬನ್ನಿ. ನಾನ್ ಕರುದ್ರೆ ಬರಲ್ಲ" ಅಂದಳು. ನನ್ನ ಸ್ಕೌಟು ವಿದ್ಯೆಗೆ ಬಂದ ಬೆಲೆ ಎಷ್ಟೆಂದು ಆಗ ತಿಳಿಯಿತು.

ನಾಗರತ್ನಳ ಯಜಮಾನರು ಕೊಳ್ಳೇಗಾಲದಲ್ಲಿ ರೇಷ್ಮೆಗೂಡಿನ ವ್ಯಾಪಾರದಲ್ಲಿದ್ದವರು. ಅವರು ತೀರಿಕೊಂಡು ವರ್ಷದ ಮೇಲಾಗಿತ್ತು. ಅಂದಿನಿಂದ ಅವಳು ಹೊಸಿಲು ದಾಟಿರಲಿಲ್ಲ. ಮದುವೆ, ನಾಮಕರಣ, ಯಾವುದಕ್ಕೂ ಇಲ್ಲ. ಹೋದವರಿಗೆ ಕಾಫಿ ಕೊಟ್ಟು, ಕೇಳಿದ್ದಕ್ಕೆ ಉತ್ತರ ಹೇಳಿ ಗೋಡೆ ನೋಡುತ್ತಿದ್ದಳು. ಯಳಂದೂರಿನ ಶಾಲೆಯಲ್ಲಿ ನಾವಿಬ್ಬರೂ ಗೈಡುಗಳ ಸೇವಂತಿಗೆ ತಂಡದವರು. ನೀಲಿ ಸಮವಸ್ತ್ರ, ಕೊರಳಿಗೆ ಸ್ಕಾರ್ಫು ತೊಟ್ಟು ಊರ ಬೀದಿಯಲ್ಲಿ ನಡೆದರೆ ನಾಡನ್ನೆಲ್ಲ ಕಾಯುವವರು ನಾವೇ ಎಂಬ ಠೀವಿ. ಆ ಠೀವಿಯ ಮುಂದಾಳು ನಾಗಿ. ಹಿಂದೆ ಹಿಂದೆ ಹೋಗುವವಳು ನಾನು.

ಅವಳ ಮನೆಗೆ ಹೋಗಿ ಉಪದೇಶಕ್ಕೆ ಕೈ ಹಾಕಲಿಲ್ಲ. "ನಾಗಿ, ಮಕ್ಕಳಿಗೆ ರೀಫ್ ನಾಟ್ ಗಂಟು ಹಾಕೋದ ಹೇಳ್ಕೊಡ್ಬೇಕಂತೆ. ನಂಗ್ ಮರ್ತೋಗದ" ಅಂದೆ.

"ನಿಂಗ್ ಯಾವತ್ ಬತ್ತಿತ್ತು?" ಅಂದಳು. ಆಮೇಲೆ ಎದ್ದು ಚೀಲಕ್ಕೆ ಎರಡು ಸೀರೆ ತುಂಬಿದಳು.

ತೋಟದಲ್ಲಿ ಮಕ್ಕಳು ಜೇನುನೊಣದಂತೆ ಗುಂಯ್‌ಗುಡುತ್ತಿದ್ದರು. ಕೆಲವರು ಟಾರ್ಪಾಲನ್ನು ಮರಕ್ಕೆ ಬಿಗಿದು ಗುಡಾರ ಮಾಡುತ್ತಿದ್ದರು. ಕೆಲವರು ಮರಳು, ಇದ್ದಿಲು, ಬಟ್ಟೆ ಜೋಡಿಸಿ ಕೆಸರು ನೀರನ್ನು ಸೋಸುತ್ತಿದ್ದರು. ಪಾತ್ರೆಯಿಲ್ಲದ ಅಡುಗೆ ಬೇರೆ: ಕೆಂಡದಲ್ಲಿ ಸುಟ್ಟ ಆಲೂಗಡ್ಡೆ, ಕೋಲಿಗೆ ಸುತ್ತಿ ಬೇಯಿಸಿದ ಗೋಧಿ ಹಿಟ್ಟು. ನಮ್ಮ ಕಾಲದ ಶಿಬಿರದಲ್ಲಿ ಹಸಿ ಸೌದೆ ಊದಿ ಊದಿ ಕಣ್ಣು ಕೆಂಪಾಗಿ, ಕೊನೆಗೆ ಅರೆಬೆಂದ ಅನ್ನಕ್ಕೆ ಹೊಗೆ ವಾಸನೆಯ ಸಾರು ಬಿಟ್ಟುಕೊಂಡು "ಏನ್ ರುಚಿ ಕಣಮ್ಮಿ" ಎಂದು ತಿಂದಿದ್ದು ನೆನಪಾಯಿತು. ಅದು ನಿಜವಾಗಿ ರುಚಿಯಾಗಿತ್ತೋ, ಹಸಿವೋ, ಈಗ ಹೇಳಲಾರೆ. ನೆನಪು ಒಳ್ಳೆಯ ಅಡುಗೆಯವಳು, ಬೇಯದ್ದನ್ನೂ ಬೇಯಿಸಿಬಿಡುತ್ತದೆ.

ಭಾನುವಾರ ಬೆಳಿಗ್ಗೆ ಜಾಡು ಹಿಡಿಯುವ ಆಟ. ಇಬ್ಬರು ಮುಂದೆ ಹೋಗಿ ದಾರಿಯುದ್ದಕ್ಕೂ ಕಲ್ಲು, ಕಡ್ಡಿಗಳಿಂದ ಬಾಣದ ಗುರುತು ಇಡಬೇಕು. ಕೊನೆಯಲ್ಲಿ ಕಾಲು ಮುರಿದುಕೊಂಡವರಂತೆ ಅಡಗಿ ಕೂರಬೇಕು. ಮಕ್ಕಳು ಗುರುತು ಹಿಡಿದು ಬಂದು ಕಾಪಾಡಬೇಕು. ಶಶಿ ಆ ಕೆಲಸವನ್ನು ನಮಗೆ ವಹಿಸಿದಳು. "ಆನೆ ಕಂದಕದ ಹತ್ರಕ್ಕೆ ಓಗ್ಬೇಡಿ. ಬೇಲಿ ಪಕ್ಕದಲ್ಲೇ ಇರಿ" ಎಂದು ಚಿಕ್ಕ ಮಕ್ಕಳಿಗೆ ಹೇಳುವ ಹಾಗೆ ನಮಗೆ ಹೇಳಿದಳು. ಮೊಬೈಲುಗಳನ್ನೂ ತೆಗೆದಿಟ್ಟುಕೊಂಡಳು, ಶಿಬಿರದ ನಿಯಮವಂತೆ.

ಮೊದಲ ಬಾಣ ಇಟ್ಟೆವು. ಎರಡನೆಯದನ್ನೂ ಇಟ್ಟೆವು, ಬಹಳ ಅಂದವಾಗಿ. ಅಷ್ಟರಲ್ಲಿ ನಾಗಿ, "ನಮ್ ಸ್ಕೂಲ್ ಕ್ಯಾಂಪಲ್ಲಿ ಆವತ್ತು ಟೆಂಟ್ ಬಿದ್ದೋಯ್ತಲ್ಲ, ಅದರ ಗೂಟ ಕಿತ್ತಿದ್ದು ಯಾರು ಅಂದ್ಕಂಡಿದ್ದೀಯ?" ಎಂದು ಶುರು ಮಾಡಿದಳು. ಒಂದು ವರ್ಷ ಮಾತಾಡದವಳು ಮಾತಿಗೆ ಬಿದ್ದಿದ್ದಾಳೆ, ನಾನು ನಡುವೆ ಕಲ್ಲು ಹುಡುಕಲೇ? ಗೂಟದಿಂದ ಟೆಂಟಿಗೆ, ಟೆಂಟಿನಿಂದ ಮೇಷ್ಟರಿಗೆ, ಮೇಷ್ಟರಿಂದ ಅವರ ಕೊಡೆಗೆ ಮಾತು ಹೋಯಿತು. ಮಾತಿನ ಹಿಂದೆ ನಾವು ಹೋದೆವು. ಎಚ್ಚರವಾದಾಗ ಬೇಲಿಯಿಲ್ಲ, ತೋಟವಿಲ್ಲ, ನಾವಿಟ್ಟ ಗುರುತಿನ ಸುಳಿವೂ ಇಲ್ಲ. ಸುತ್ತ ಲಂಟಾನ ಪೊದೆ, ಎದುರಿಗೆ ಆನೆ ದಾಟದಂತೆ ತೋಡಿದ ಕಂದಕ. ಕಂದಕದ ಈಚೆ, ನಮ್ಮ ಕಾಲ ಬಳಿ, ಆನೆಯ ಲದ್ದಿ.

"ಒಣಗ್ಬುಟ್ಟದ ಕಣಮ್ಮಿ, ಹಳೇದು" ಅಂದಳು ನಾಗಿ.

"ಮೇಲೊಣಗ್ಬುಟ್ಟದ. ಒಳಗೆ?"

"ಒಳಗ್ ನೋಡ್ಬೇಕು ಅಂದ್ರೆ ನೀನೇ ಕೈ ಹಾಕು."

ನಾನು ಕೈ ಹಾಕಲಿಲ್ಲ. ಬಂದ ದಾರಿ ಎಂದುಕೊಂಡು ಒಂದು ಕಡೆ ಹೋದೆವು, ಮುಳ್ಳು. ಇನ್ನೊಂದು ಕಡೆ ಹೋದೆವು, ಮತ್ತೆ ಅದೇ ಲದ್ದಿ. ನಾಗಿಯ ಮಂಡಿ ಹಿಡಿದುಕೊಂಡಿತು. ಒಂದು ಬಂಡೆಯ ಮೇಲೆ ಕೂತುಬಿಟ್ಟಳು. ಬಿಸಿಲು ಏರುತ್ತಿತ್ತು. ಎಲ್ಲೋ ಕೊಂಬೆ ಮುರಿದ ಸದ್ದಾಯಿತು. ಇಬ್ಬರೂ ಕೈ ಹಿಡಿದುಕೊಂಡೆವು.

'ಕಳೆ' ಎಂಬ ನಮ್ಮ ಮಾತು ವಿಚಿತ್ರದ್ದು. ದಾರಿಯಲ್ಲಿ ಕಳೆದುಹೋಗುತ್ತೇವೆ, ಲೆಕ್ಕದಲ್ಲಿ ಕಳೆಯುತ್ತೇವೆ, ಕಾಲವನ್ನೂ ಕಳೆಯುತ್ತೇವೆ. ಹೊಲದಲ್ಲಿ ಬೇಡದೆ ಬೆಳೆಯುವುದೂ ಕಳೆ, ಮುಖದಲ್ಲಿ ಬೇಕೆಂದರೂ ನಿಲ್ಲದಿರುವುದೂ ಕಳೆ. ಆ ಬಂಡೆಯ ಪಕ್ಕ ನಿಂತು ನಾಗಿಯನ್ನು ನೋಡಿದಾಗ ನನಗೆ ಇದೆಲ್ಲ ಹೊಳೆಯಿತು. ಹೆದರಿಕೆಯಿಂದ ಬೆವೆತಿದ್ದ ಆ ಮುಖದಲ್ಲಿ, ಗೋಡೆ ನೋಡುತ್ತಿದ್ದಾಗ ಇಲ್ಲದ್ದೊಂದು ಬಂದು ಕೂತಿತ್ತು.

"ಸಿಳ್ಳೆ ಹೊಡಿ ನಾಗಿ" ಅಂದೆ.

ಹುಡುಗಿಯಾಗಿದ್ದಾಗ ಅವಳು ಬಾಯಿಗೆ ಎರಡು ಬೆರಳಿಟ್ಟು ಸಿಳ್ಳೆ ಹಾಕಿದರೆ ಕೆರೆಯ ಆಚೆ ದಡದ ದನಗಳು ತಲೆ ಎತ್ತುತ್ತಿದ್ದವು. ಹೆಣ್ಣುಮಕ್ಕಳು ಸಿಳ್ಳೆ ಹೊಡೆದರೆ ಮನೆಗೆ ಹಾವು ಬರುತ್ತದೆಂದು ಅವಳಜ್ಜಿ ಬೈದು ಬೈದು ಬಿಡಿಸಿದ್ದರು. ಈಗ ಬೆರಳಿಟ್ಟು ಊದಿದಳು. ಬರೀ ಗಾಳಿ ಬಂತು. ಮತ್ತೆ ಊದಿದಳು, ಕಟ್ಟಿಸಿಕೊಂಡ ಹಲ್ಲು ಈಚೆ ಬರುವುದರಲ್ಲಿತ್ತು. ಹಲ್ಲನ್ನು ಒತ್ತಿ ಕೂರಿಸಿ, ಕಣ್ಣು ಮುಚ್ಚಿ ಇನ್ನೊಮ್ಮೆ ಊದಿದಳು ನೋಡಿ, ಪೊದೆಯಿಂದ ಗೌಜಲಹಕ್ಕಿಗಳು ಬರ್ರನೆ ಎದ್ದವು. ಮೂರು ಸಲ ಸಿಳ್ಳೆ, ಸ್ವಲ್ಪ ಬಿಟ್ಟು ಮತ್ತೆ ಮೂರು: ಕಷ್ಟದಲ್ಲಿದ್ದೇವೆ ಎನ್ನುವ ಗುರುತು. ಬಹಳ ಹೊತ್ತು ಏನೂ ಇಲ್ಲ. ಆಮೇಲೆ ದೂರದಿಂದ ಒಂದು ವಿಷಲ್ಲು ಉತ್ತರ ಕೊಟ್ಟಿತು. ನಾಗಿ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಪೊದೆ ಸರಿಸಿಕೊಂಡು ಮೊದಲು ಬಂದವಳು ಧನಗೆರೆಯ ಪವಿತ್ರ, ತಂಡದ ನಾಯಕಿ. ಹಿಂದೆ ಅವಳ ತಂಡ, ತೋಟದ ಮಾಲೀಕರು. "ಇಲ್ಲೇ ಅವ್ರೆ ಕಣ್ರೋ!" ಎಂದು ಕೂಗಿದಳು. ನಾವು ನಿಜವಾಗಿ ಕಳೆದುಹೋಗಿದ್ದೆವೆಂದು ಆ ಮಗುವಿಗೆ ಹೊಳೆಯಲೇ ಇಲ್ಲ. ಆಟ ಕಷ್ಟವಾಗಲಿ ಎಂದೇ ಗುರುತು ಇಟ್ಟಿಲ್ಲ ಎಂದುಕೊಂಡಿದ್ದಳು. ಸ್ಕಾರ್ಫು ಬಿಚ್ಚಿ ಮಂಡಿಯೂರಿ, "ಯಾವ್ ಕಾಲ್ ಮುರ್ದಿರೋದು ಅಜ್ಜಿ?" ಅಂದಳು.

"ಯಾವ್ದ್ ಬೇಕೋ ಅದ ಕಟ್ಟವ್ವ. ಎರಡೂ ಹಂಗೇ ಅವ" ಅಂದಳು ನಾಗಿ.

ಕೋಲು, ಕಂಬಳಿಯಿಂದ ಸ್ಟ್ರೆಚರೂ ತಯಾರಾಯಿತು. ಆದರೆ ನಾಗಿಯನ್ನು ನೆಲದಿಂದ ಎತ್ತಲು ಸೇವಂತಿಗೆ ತಂಡವೇ ಮರಳಿ ಬಂದರೂ ಆಗುತ್ತಿರಲಿಲ್ಲ. ಕಾಲಿಗೆ ದಬ್ಬೆ ಕಟ್ಟಿಸಿಕೊಂಡು, ಇಬ್ಬರು ಹುಡುಗಿಯರ ಹೆಗಲ ಮೇಲೆ ಕೈ ಹಾಕಿ, ಕುಂಟಿಕೊಂಡೇ ತೋಟಕ್ಕೆ ಬಂದಳು.

ಗೇಟಿನಲ್ಲಿ ಶಶಿ ನಿಂತಿದ್ದಳು. ಮುಖ ಬಿಳಿಚಿಕೊಂಡಿತ್ತು. ನಮ್ಮನ್ನು ಕಂಡದ್ದೇ ಅದು ಕೆಂಪಾಯಿತು.

"ಅಮ್ಮ, ನಿಂಗೆ ಬುದ್ಧಿ ಅನ್ನೋದೈತಾ? ಕಂದಕದ ಹತ್ರ ಓಗ್ಬೇಡ ಅಂದ್ರೆ ಅಲ್ಲೇ ಓಗಿ ಕುಂತಿದ್ದೀಯಲ್ಲ! ಆನೆ ಬಂದಿದ್ರೆ? ನೀವೂ ಅಷ್ಟೇ ಆಂಟಿ, ನಿಮ್ ಮೇಲೆ ನಂಬ್ಕೆ ಇಟ್ಕಂಡೆ ನೋಡಿ! ಓಗಿ, ಇಬ್ರೂ ಆ ಮರದ್ ಕೆಳಗೆ ಕೂತ್ಕಂಡು ಅವರೆಕಾಯಿ ಸುಲೀರಿ. ಅಲ್ಲಾಡ್ಕೂಡ್ದು!"

ಮಕ್ಕಳು ಬಾಯಿ ಬಿಟ್ಟು ನೋಡುತ್ತಿದ್ದರು. ನಾವು ತಲೆ ತಗ್ಗಿಸಿ ಹೋಗಿ ಕೂತೆವು. ನಾಗಿಯ ಭುಜ ಅಲುಗುತ್ತಿತ್ತು. ಅಳುತ್ತಿದ್ದಾಳೆಂದು ಗಾಬರಿಯಾಗಿ ಬಗ್ಗಿ ನೋಡಿದರೆ, ಸೆರಗು ಬಾಯಿಗೊತ್ತಿಕೊಂಡು ನಗುತ್ತಿದ್ದಳು.

ಯಜಮಾನರು ತೀರಿಕೊಂಡಾಗಿನಿಂದ ಅವಳನ್ನು ಯಾರೂ ಬೈದಿರಲಿಲ್ಲ. ಮಗಳು, ಅಳಿಯ, ನೆಂಟರು, ನಾನು ಕೂಡ, ಎಲ್ಲರೂ ದನಿ ತಗ್ಗಿಸಿ, ಮಾತು ಆರಿಸಿ ಆಡುತ್ತಿದ್ದೆವು. ವಯಸ್ಸಾದವರಿಗೆ, ಅದರಲ್ಲೂ ನೊಂದವರಿಗೆ, ಲೋಕ ಬಹಳ ಗೌರವ ಕೊಡುತ್ತದೆ. ಆದರೆ ಗೌರವವನ್ನು ಸ್ವಲ್ಪ ದೂರ ನಿಂತೇ ಕೊಡುತ್ತಾರೆ. ಬೈಯಬೇಕಾದರೆ ಹತ್ತಿರ ಬರಲೇಬೇಕು.

ಕಾಯಿ ಸುಲಿಯುತ್ತ ಸುಲಿಯುತ್ತ ನಾಗಿ, "ಸಾರಿಗೆ ಉಪ್ಪು ನೋಡ್ಕಂಡ್ ಹಾಕವ್ವ" ಎಂದು ಒಲೆಯ ಕಡೆ ಕೂಗಿದಳು.

"ನೀನ್ ಸುಮ್ನೆ ಸುಲಿ!" ಎಂದು ಅಲ್ಲಿಂದಲೇ ಗದರಿದಳು ಶಶಿ.

ನಾಗಿ ನನ್ನ ಕಡೆ ತಿರುಗಿ, ಮಗಳಿಗೆ ಮೆಡಲು ಬಂತೆಂದು ಹೇಳುವ ತಾಯಿಯ ದನಿಯಲ್ಲಿ ಪಿಸುಗುಟ್ಟಿದಳು: "ನೋಡ್ದಾ, ಹೆಂಗ್ ಬೈತಾಳೆ!"