ಬಾಯಿ ಮುಚ್ಚಿದ ತೋಳುಗಳು

ಮಧುಗಿರಿ ಕಡೆಯ ಒಂದು ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ ನಾನು ಲೈನ್ ಸೂಪರ್‌ವೈಸರ್. ನನ್ನ ಲೈನಿನಲ್ಲಿ ಅಂಗಿಯ ತೋಳು ಹೊಲಿಯುತ್ತಿದ್ದವಳು ತೋವಿನಕೆರೆ ಹತ್ತಿರದ ಒಬ್ಬ ಹೆಂಗಸು. ನನಗೆ ಮಿಷನ್ ಕಲಿಸಿದವಳೇ ಅವಳು. ನಾನು ಸೂಪರ್‌ವೈಸರ್ ಆದ ಮೇಲೂ ಅವಳನ್ನು ಅಕ್ಕ ಎಂದೇ ಕರೆಯುತ್ತಿದ್ದೆ.

ಆ ತಿಂಗಳು ಶಿಪ್‌ಮೆಂಟ್ ತಡವಾಗಿ ಒಂದು ಭಾನುವಾರವೂ ರಜೆ ಸಿಕ್ಕಿರಲಿಲ್ಲ.

"ತಲೆ ಸಿಡೀತೈತೆ ಕಣಮ್ಮ. ಬಿಪಿ ಮಾತ್ರೆ ಮುಗಿದು ವಾರ ಆಯ್ತು. ಒಂದಿನ ಬುಟ್ಬುಡು, ಆಸ್ಪತ್ರೆಗೆ ಹೋಗ್ಬತ್ತೀನಿ" ಎಂದಳು ಅಕ್ಕ.

"ಈ ಲಾಟ್ ಹೋಗ್ಬುಡ್ಲಿ ಅಕ್ಕ, ಎಲ್ಡು ದಿನ ಕೊಡುಸ್ತೀನಿ" ಎಂದೆ.

ಮೂರನೇ ದಿನ ಬೆಳಿಗ್ಗೆ, ಒಂಬತ್ತೂವರೆಗೆ, ಚೆಕಿಂಗ್ ಟೇಬಲ್‌ನಿಂದ ಅವಳ ಒಂದು ಕಟ್ಟು ವಾಪಸ್ ಬಂತು. ಹೊಲಿಗೆ ಗೆರೆ ಎಳೆದಷ್ಟು ನೇರವಾಗಿತ್ತು. ಆದರೆ ಕೈ ಹೊರಬರುವ ಬಾಯನ್ನೇ ಮುಚ್ಚಿ ಹೊಲಿದಿದ್ದಳು, ಅಷ್ಟೂ ತೋಳುಗಳನ್ನು.

"ಏನಕ್ಕ ಇದು?"

ಅವಳು ತಿರುಗಿಸಿ ತಿರುಗಿಸಿ ನೋಡಿದಳು. "ಸರಿಯಾಗೇ ಐತಲ್ಲ?"

ಬಾಯಲ್ಲಿ ಎಲೆಅಡಿಕೆ ಇಟ್ಟುಕೊಂಡವಳ ಹಾಗೆ ಮಾತು ದಪ್ಪವಾಗಿತ್ತು. ಕಾರ್ಖಾನೆಯೊಳಗೆ ಎಲೆಅಡಿಕೆ ಬಿಡುವುದಿಲ್ಲ ಎಂಬುದು ನನಗೆ ಗೊತ್ತಿತ್ತು. ಹಿಂದೆ ಪ್ರೊಡಕ್ಷನ್ ಮ್ಯಾನೇಜರ್ ನಿಂತಿದ್ದರು. ಬಿಚ್ಚಿ ಹೊಲಿ ಎಂದು ಹೇಳಿ ಮುಂದೆ ಹೋದೆ. ಅವಳ ಬಲಗೈಯಿಂದ ಕತ್ತರಿ ಜಾರಿ ಬೀಳುತ್ತಿತ್ತು. ಎರಡು ಸಲ ನಾನೇ ಎತ್ತಿ ಕೊಟ್ಟೆ.

ಊಟದ ಗಂಟೆಗೆ ಎಲ್ಲರೂ ಎದ್ದರು. ಅಕ್ಕ ಏಳಲಿಲ್ಲ. ಮುಖದ ಒಂದು ಪಕ್ಕ ಜೋತುಬಿದ್ದಿತ್ತು.

ತುಮಕೂರಿನ ಆಸ್ಪತ್ರೆ ಮುಟ್ಟುವಾಗ ಮೂರು ಗಂಟೆ. "ಯಾವಾಗ ಶುರುವಾಯ್ತು?" ಡಾಕ್ಟರು ಕೇಳಿದರು.

"ಈಗ ಊಟದ ಹೊತ್ತಲ್ಲಿ ಸಾರ್" ಎಂದರು ಜೊತೆಗೆ ಬಂದಿದ್ದ ಮ್ಯಾನೇಜರ್.

"ಇಲ್ಲ ಸಾರ್, ಒಂಬತ್ತೂವರೆಗೇ ಮಾತು ತೊದಲ್ತಿತ್ತು. ನಾನೇ ನೋಡ್ದೆ."

ಡಾಕ್ಟರು ಗಡಿಯಾರ ನೋಡಿದರು. "ಸ್ಟ್ರೋಕ್ ಇದು. ನಾಲ್ಕೂವರೆ ಗಂಟೆ ಒಳಗೆ ಬಂದಿದ್ರೆ ಹೆಪ್ಪುಗಟ್ಟಿದ ರಕ್ತ ಕರಗಿಸೋ ಒಂದು ಇಂಜೆಕ್ಷನ್ ಇತ್ತು. ಇಷ್ಟು ಹೊತ್ತಾದ್ಮೇಲೆ ಕೊಟ್ರೆ ಜೀವಕ್ಕೇ ಅಪಾಯ."

ಸುದ್ದಿ ತಿಳಿದು ಬಂದು ಬಾಗಿಲಲ್ಲಿ ನಿಂತಿದ್ದ ಅಕ್ಕನ ಗಂಡ ಅದನ್ನು ಕೇಳಿಸಿಕೊಂಡರು. ನನ್ನನ್ನೇ ನೋಡುತ್ತಿದ್ದರು. ವಾಪಸ್ ಬರುವಾಗ ಜೀಪಿನಲ್ಲಿ ಮ್ಯಾನೇಜರ್ ಕೇಳಿದರು: "ನಿನ್ನ ಯಾರಮ್ಮ ಕೇಳಿದ್ರು?"

ಅಕ್ಕ ಬದುಕಿದಳು. ಬಲಗೈ ಮಾತ್ರ ಮರಳಲಿಲ್ಲ. ನೋಡಲು ಹೋದಾಗ ಎಡಗೈಯಿಂದ ನನ್ನ ಮಣಿಕಟ್ಟು ಹಿಡಿದು ಏನೋ ಹೇಳಿದಳು. ಮೂರು ಸಲ ಹೇಳಿದಳು. ನನಗೆ ಅರ್ಥವಾಗಲಿಲ್ಲ. ಅರ್ಥವಾದವಳಂತೆ ತಲೆಯಾಡಿಸಿ ಎದ್ದು ಬಂದೆ.

ಅದೇ ಕಾರ್ಖಾನೆಯಲ್ಲೇ ಇದ್ದೇನೆ. ಅಂದಿನಿಂದ ಯಾರಾದರೂ ತಲೆನೋವು ಎಂದರೆ ಮರುಮಾತಿಲ್ಲದೆ ಗೇಟ್ ಪಾಸ್ ಬರೆದು ಕಳಿಸುತ್ತಿದ್ದೆ. ಹೋದ ವಾರ ಮ್ಯಾನೇಜರ್ ಆ ಪಾಸ್ ಪುಸ್ತಕವನ್ನು ತಮ್ಮ ಮೇಜಿಗೆ ತರಿಸಿಕೊಂಡು ಅಲ್ಲೇ ಇಟ್ಟುಕೊಂಡರು.