ಬಟ್ಟೆಕೋಣೆಯ ಅಂಗೈಯಗಲದ ಸರ್ವರು

ದೊಡ್ಡಾಸ್ಪತ್ರೆಯ ನೆಲಮಾಳಿಗೆಯಲ್ಲಿ ಬಟ್ಟೆಕೋಣೆ. ಅಲ್ಲಿ ಇಪ್ಪತ್ತೆಂಟು ವರ್ಷದಿಂದ ಯಜಮಾನಿಕೆ ನಡೆಸುತ್ತಿದ್ದವಳನ್ನು ಡಾಕ್ಟರಿಂದ ಹಿಡಿದು ಕಸ ಗುಡಿಸುವವರವರೆಗೆ ಎಲ್ಲರೂ ಚಾದರಕ್ಕ ಎನ್ನುತ್ತಿದ್ದರು. ಅವಳು ಅಲ್ಲಿಯವರೆಗೆ ಮಡಿಸಿದ ಚಾದರಗಳನ್ನು ಬಿಡಿಸಿ ಹಾಸಿದರೆ ಚಂದ್ರನಿಗೆ ಎರಡು ಸುತ್ತು ಹೊದಿಸಿ, ಮಿಕ್ಕ ತುಂಡಿನಲ್ಲಿ ಅವನಿಗೊಂದು ದಿಂಬಿನ ಚೀಲವನ್ನೂ ಹೊಲಿಯಬಹುದಿತ್ತು. ಸುಳ್ಳೆನ್ನುವವರು ಚಂದ್ರನ ಅಳತೆ ತಂದುಕೊಡಲಿ, ಆಮೇಲೆ ಮಾತಾಡೋಣ.

ಆ ವರ್ಷ ಹೊಸ ಅಧೀಕ್ಷಕಿ ಬಂದರು. ಬಂದ ವಾರವೇ ದೂರು: ಮೂರನೇ ಮಹಡಿಯಲ್ಲಿ ಚಾದರದ ಗುಡ್ಡ, ಐದನೇ ಮಹಡಿಯಲ್ಲಿ ಚಾದರದ ಬರ. ಎಲ್ಲಿ ಎಷ್ಟಿದೆಯೆಂದು ಒಬ್ಬರಿಗೂ ಗೊತ್ತಿಲ್ಲ. ಅವರು ಚಾದರಕ್ಕನನ್ನು ಕರೆಸಿ ನೇರವಾಗಿಯೇ ಹೇಳಿದರು.

"ನೋಡಿ, ಯಾವ ವಾರ್ಡಿಗೆ ಎಷ್ಟು ಸಿದ್ಧ ಇದೆ ಅನ್ನೋದು ನರ್ಸುಗಳ ಫೋನಲ್ಲೇ ಕಾಣ್ಬೇಕು. ಮುಂದಿನ ತಿಂಗಳ ಮೊದಲ ಸೋಮವಾರ ಸಭೆ ಇದೆ. ಅಷ್ಟರಲ್ಲಿ ಆಗ್ಲಿಲ್ಲ ಅಂದ್ರೆ ತೊಳೆಯೋ ಕೆಲಸ ಹೊರಗಿನ ಕಂಪನಿಗೆ."

ಹೊರಗಿನ ಕಂಪನಿಗೆ ಎಂದರೆ ಬಟ್ಟೆಕೋಣೆಯ ಒಂಬತ್ತು ಹೆಂಗಸರೂ ಹೊರಗೆ. ಚಾದರಕ್ಕ ಸೀದಾ ಕಂಪ್ಯೂಟರ್ ವಿಭಾಗದ ಮುಖ್ಯಸ್ಥನ ಬಳಿ ಹೋದಳು.

"ಅಕ್ಕಾ, ಇದಕ್ಕೆ ಸರ್ವರ್ ಬೇಕು. ಸರ್ವರಿಗೆ ಎಸಿ ರೂಮ್ ಬೇಕು. ಎಲ್ಲ ಸೇರಿ ಹತ್ತು ತಿಂಗಳು ಬೇಕು," ಎಂದ ಅವನು.

"ಹೆರಿಗೆ ವಾರ್ಡಲ್ಲಿ ಒಂಬತ್ತು ತಿಂಗಳಿಗೇ ಕೈಗೆ ಮಗು ಕೊಡ್ತಾರಪ್ಪ. ನಿಂದು ಯಾವ ಆನೆ ಮರಿನೋ!"

ಅವಳಿಗೆ ಈ ಧೈರ್ಯ ಬಂದದ್ದು ಬಟ್ಟೆ ಒಣಗಿಸುವ ಯಂತ್ರದಿಂದ. ಅದನ್ನು ಮಾಡಿದ ಕಂಪನಿ ಎಂದೋ ಬಾಗಿಲು ಹಾಕಿತ್ತು. ರಿಪೇರಿಗೆ ಬರುವವರಿಲ್ಲದೆ ಅವಳೇ ಅದರ ಕೈಪಿಡಿಯನ್ನು ಹದಿನಾಲ್ಕು ವರ್ಷ ಓದಿದ್ದಳು. ಯಂತ್ರದ ಮಿದುಳಿಗೆ ತಿಳಿಯುತ್ತಿದ್ದುದು ಒಂದೇ ಭಾಷೆ: ಫೋರ್ತ್. ಅದರ ರೀತಿಯೇ ಬೇರೆ. ಎರಡನ್ನು ಇಡು, ಅದರ ಮೇಲೆ ಮೂರನ್ನು ಇಡು, ಆಮೇಲೆ ಕೂಡಿಸು ಎನ್ನಬೇಕು. ಸಾಮಾನು ಮೊದಲು, ಅಪ್ಪಣೆ ಆಮೇಲೆ. ಇಟ್ಟದ್ದೆಲ್ಲ ಅಟ್ಟಿಯಾಗಿ ನಿಲ್ಲುತ್ತದೆ. ಕೊನೆಗೆ ಇಟ್ಟದ್ದು ಮೊದಲು ಕೈಗೆ ಬರುತ್ತದೆ. ಓದಿದವರು ತಲೆ ಕೆರೆದುಕೊಂಡು ಬೋಳಾಗುವ ಈ ವಿದ್ಯೆ ಚಾದರಕ್ಕನಿಗೆ ತನ್ನ ಬೀರುವಿನಷ್ಟೇ ಪರಿಚಿತವಾಗಿತ್ತು.

ಅವಳು ಅಂಗೈಯಗಲದ ಒಂದು ಕಂಪ್ಯೂಟರ್ ಬೋರ್ಡು ತಂದು ಅದಕ್ಕೆ ಫೋರ್ತ್ ತುಂಬಿದಳು. ಅದರ ಜ್ಞಾಪಕಶಕ್ತಿ ಎಷ್ಟು ಚಿಕ್ಕದೆಂದರೆ, ಒಂದು ಸೊಳ್ಳೆಯ ಆಕಳಿಕೆಯೂ ಅದರಲ್ಲಿ ಹಿಡಿಸುತ್ತಿರಲಿಲ್ಲ. ಅಪ್ಪಣೆಗಳಿಗೆ ತನ್ನ ಮಾತಿನಲ್ಲೇ ಹೆಸರಿಟ್ಟಳು. `80 ಬಾಗಿಲು` ಎಂದರೆ ಪುಟ ಕೇಳಿ ಬರುವ ಫೋನುಗಳಿಗಾಗಿ ಯಾವ ಬಾಗಿಲಲ್ಲಿ ಕಾಯಬೇಕೆಂದು ಸರ್ವರಿಗೆ ತಿಳಿಯಿತು. `11 ವಾರ್ಡು` ಎಂದರೆ ಹನ್ನೊಂದು ಸಾಲಿನ ಪುಟ ಸಿದ್ಧ. ವಾರ್ಡಿಗೆ ಎರಡರಂತೆ ಗುಂಡಿ ಜೋಡಿಸಿದಳು. ಹತ್ತು ಚಾದರ ಮಡಿಸಿಟ್ಟರೆ ಒಂದನ್ನು ಒತ್ತು, ಆ ಕಟ್ಟು ಹೊರಗೆ ಹೋದರೆ ಇನ್ನೊಂದನ್ನು ಒತ್ತು.

ಊಟದ ಮೇಜಿನ ಮೇಲೆ ಬೋರ್ಡು ನೋಡಿ ಬಸ್ ಡ್ರೈವರ್ ಗಂಡ ಕೇಳಿದ, "ಏನೇ ಅದು, ಒಬ್ಳೇ ಗೊಣಗ್ತಾ ಕೂತಿದೀಯ?"

"ಸರ್ವರಿಗೆ ಬುದ್ಧಿ ಹೇಳ್ತಿದೀನಿ."

"ಮೂವತ್ತು ವರ್ಷ ನಂಗೆ ಹೇಳಿದ್ದು ಸಾಲ್ಲಿಲ್ವಾ?"

"ಇದು ಹೇಳಿದ್ದು ಕೇಳುತ್ತೆ ಕಣ್ರೀ!"

ಗಂಡನ ಫೋನು, ತನ್ನದು, ಒಂಬತ್ತು ಹೆಂಗಸರದು, ಎಲ್ಲದರಲ್ಲೂ ಮೂರು ವಾರ ಪುಟ ಬೆಣ್ಣೆಯಂತೆ ತೆರೆಯಿತು.

ಸೋಮವಾರ ಅವಳು ಬೋರ್ಡನ್ನು ಸಭೆಗೇ ತಂದು ಹೊಸದಾಗಿ ಚಾಲು ಮಾಡಿದಳು. ಅಲ್ಲಿ ನಲವತ್ತೈದು ಜನ. ಅಧೀಕ್ಷಕಿಯೇ, "ಎಲ್ರೂ ತೆಗೀರಿ ನೋಡೋಣ," ಎಂದರು. ಪುಟ ತೆರೆಯಿತು. ಹತ್ತು ಜನಕ್ಕೆ ಬಂತು, ಇಪ್ಪತ್ತು, ಮೂವತ್ತು. ಆಮೇಲೆ ತೆರೆದವರ ಫೋನಿನಲ್ಲಿ ಬರೀ ಬಿಳಿ ತೆರೆ.

ಮುಖ್ಯಸ್ಥ ಕುರ್ಚಿಗೆ ಒರಗಿದ. "ನಾನು ಹೇಳಿರ್ಲಿಲ್ವಾ ಮೇಡಂ? ಇದು ಮಕ್ಕಳಾಟ."

ಚಾದರಕ್ಕ ಎದ್ದು ಬೋರ್ಡಿನ ಬಳಿ ಹೋದಳು. "ಬಿದ್ದಿದೆ, ಸತ್ತಿಲ್ಲ. ಹತ್ತು ನಿಮಿಷ ಕೊಡಿ, ಮೇಡಂ."

ಬೋರ್ಡಿಗೆ ಲ್ಯಾಪ್‌ಟಾಪ್ ಸಿಕ್ಕಿಸಿ ಸರ್ವರನ್ನು ಮತ್ತೆ ಎಬ್ಬಿಸಿದಳು. "ಇನ್ನೂ ಪುಟ ಸಿಗದವರಲ್ಲಿ ಐದೇ ಜನ ತೆಗೀರಿ. ಆರನೆಯವರು ಮುಟ್ಟಿದ್ರೆ ಕೈಗೆ ಇಸ್ತ್ರಿ ಹಾಕ್ತೀನಿ."

ಐದು ಜನ ತೆರೆದರು. ಅವಳು ಸರ್ವರನ್ನು ತಡೆದು ಅಟ್ಟಿಯನ್ನು ತೋರಿಸೆಂದಳು. ಎಲ್ಲ ಕೆಲಸ ಮುಗಿದ ಮೇಲೆ ಖಾಲಿಯಿರಬೇಕಾದ ಅಟ್ಟಿಯಲ್ಲಿ 404 ಎಂಬ ಅಂಕಿ ಐದು ಸಲ ಕೂತಿತ್ತು. ಜನ ಐದು, ಉಳಿದದ್ದು ಐದು. ಅವಳಿಗೆ ಕಳ್ಳ ಸಿಕ್ಕಿದ.

"ಈ ಫೋನುಗಳು ಭಾರೀ ಆಸೆಬುರುಕ ನೋಡಿ. ಪುಟ ಕೊಟ್ಟ ಮೇಲೆ, ಅದರ ತಲೆ ಮೇಲೆ ಅಂಟಿಸ್ಕೊಳ್ಳೋಕೆ ಒಂದು ಪುಟ್ಟ ಚಿತ್ರಾನೂ ಕೇಳ್ತಾವೆ, ಯಾರೂ ಹೇಳದೇನೇ, ಮೊದಲ್ನೇ ಸಲ ಮಾತ್ರ. ನನ್ನ ಹತ್ರ ಚಿತ್ರ ಇಲ್ಲ. 'ಇಲ್ಲ, 404' ಅಂತ ಹೇಳಿ ಕಳಿಸ್ತೀನಿ. ಹೇಳಿದ ಮೇಲೆ ಆ ಅಂಕಿನ ಎತ್ತಿಡೋದು ಮರೆತಿದೀನಿ. ಫೋನಿಗೊಂದು ಉಳೀತು. ಅಟ್ಟಿಗೆ ಹಿಡ್ಸೋದು ಮೂವತ್ತೆರಡು. ಮೂವತ್ತಮೂರನೇದು ಬಂತು, ಕುಸೀತು. ನಾವು ನೋಡಿದ್ದು ಹನ್ನೊಂದೇ ಫೋನಲ್ಲಿ, ಗೊತ್ತಾಗ್ಲೇ ಇಲ್ಲ."

"ಸರಿ ಮಾಡೋಕೆ ಎಷ್ಟು ದಿನ?" ಎಂದ ಮುಖ್ಯಸ್ಥ.

ಅವಳು ಲ್ಯಾಪ್‌ಟಾಪಿನ ಕಡೆ ತಿರುಗಿದಳು. 'ಇಲ್ಲ' ಎನ್ನುವ ಅಪ್ಪಣೆಯ ಕೊನೆಯಲ್ಲಿ `ಬಿಸಾಡು` ಎಂಬ ಒಂದೇ ಪದ ಸೇರಿಸಿದಳು; ಅದನ್ನು ಕರೆಯುವ ಇನ್ನೆರಡು ಅಪ್ಪಣೆಗಳು ಹಳೆಯದನ್ನೇ ಹಿಡಿದುಕೊಳ್ಳದಿರಲೆಂದು ಅವನ್ನೂ ಮತ್ತೆ ಟೈಪು ಮಾಡಿದಳು. ಸರ್ವರ್ ಎದ್ದಿತು.

"ಈಗ ಎಲ್ರೂ ತೆಗೀರಿ. ಮೇಲಿನ ವಾರ್ಡಿನವರಿಗೂ ಹೇಳಿ. ರೋಗಿಗಳಿಗೂ ಹೇಳಿ, ಪಾಪ, ಬೇಜಾರಾಗಿರ್ತಾರೆ."

ತೆರೆದರು. ನಲವತ್ತೈದಾಯಿತು, ನೂರಾಯಿತು. ಇನ್ನೂರು ದಾಟಿದಾಗ ಶವಾಗಾರದಿಂದಲೂ ಒಂದಿಬ್ಬರು ಎದ್ದುಬಂದು ನೋಡಿದರೆಂದು ಕಾಂಪೌಂಡರ್ ಇವತ್ತಿಗೂ ಆಣೆಯಿಟ್ಟು ಹೇಳುತ್ತಾನೆ. ಅಷ್ಟಾದ ಮೇಲೆ ಅವಳು ಸರ್ವರನ್ನು ಕ್ಷಣ ತಡೆದು ಅಟ್ಟಿ ತೋರಿಸಿದಳು. ಖಾಲಿ.

ಐದನೇ ಮಹಡಿಯ ಹಿರಿಯ ನರ್ಸ್ ಫೋನು ಎತ್ತಿ ಹಿಡಿದಳು. "ಮೇಡಂ, ನಮಗೆ ಎಪ್ಪತ್ತು ಸಿದ್ಧ ಇದೆ ಅಂತಿದೆ. ಬೆಳಿಗ್ಗೆಯಿಂದ ಗೊತ್ತೇ ಇರ್ಲಿಲ್ಲ!"

ಅಧೀಕ್ಷಕಿ, ಹೊರಗಿನ ಕಂಪನಿಯ ಜೊತೆ ಮಾಡಿಕೊಳ್ಳಲಿದ್ದ ಒಪ್ಪಂದದ ಕಾಗದವನ್ನು ನಾಲ್ಕು ತುಂಡು ಮಾಡಿ ಬುಟ್ಟಿಗೆ ಹಾಕಿದರು. "ಆಪರೇಷನ್ ಥಿಯೇಟರಿನ ಗೌನುಗಳಿಗೂ ಇಂಥದ್ದು ಮಾಡ್ಕೊಡ್ತೀರಾ?"

"ಧಾರಾಳವಾಗಿ, ಮೇಡಂ. ಆದ್ರೆ ಕೆಲಸ ಹೆಚ್ಚಾಗುತ್ತೆ. ಒಂಬತ್ತು ಜನ ಸಾಲಲ್ಲ, ಹತ್ತನೆಯವಳನ್ನ ಕೊಡಿ."

ಸಭೆಯೆಲ್ಲ ನಕ್ಕಿತು. ಅಧೀಕ್ಷಕಿ ಮಾತ್ರ ನಗದೆ ಪೆನ್ನು ತೆಗೆದು, ಅಲ್ಲೇ, ಬಟ್ಟೆಕೋಣೆಯ ಸಿಬ್ಬಂದಿ ಪಟ್ಟಿಯಲ್ಲಿ ಹತ್ತು ಎಂದು ಬರೆದು ಸಹಿ ಹಾಕಿದರು.