ಅವ್ವ ಕೇಳಿದ ಅರ್ತಿಂಗು

ನನ್ನ ಹೆಂಡತಿ ಕಾರಿನ ಕೀಲಿಯನ್ನು ಮೊಳೆಗೆ ತಗುಲಿಸಿ, "ಇನ್ನು ಈ ಜನ್ಮದಲ್ಲಿ ಸ್ಟೀರಿಂಗ್ ಮುಟ್ಟಾಕಿಲ್ಲ ಕಣ್ರೀ" ಅಂದಳು. ಅಂದವಳು ಕೋಣೆ ಸೇರಿ ಕದ ಹಾಕಿಕೊಂಡಳು.

ಹಿಂದಿನ ದಿನ ಮುಸ್ಸಂಜೆ ಅವಳು ಬೆಳ್ಳೂರಿನ ಕಡೆಯ ಆಸ್ಪತ್ರೆಯಲ್ಲಿ ನರ್ಸ್ ಡ್ಯೂಟಿ ಮುಗಿಸಿ ಬರುತ್ತಿದ್ದಳು. ನಮ್ಮೂರ ಮೋರಿಯ ಹತ್ತಿರ ಹುಲ್ಲಿನ ಹೊರೆ ಹೊತ್ತ ಹೆಂಗಸೊಬ್ಬಳು ಮಂಕು ಹೆಡ್‌ಲೈಟಿಗೆ ಕಂಡದ್ದು ಇನ್ನೇನು ಗುದ್ದಿಯೇಬಿಟ್ಟಿತು ಅನ್ನುವಾಗ. ಆ ಹೆಂಗಸು ನಮ್ಮವ್ವ. ಹೊರೆ ಬಿಸಾಕಿ ಚರಂಡಿಗೆ ಹಾರಿ ಉಳಿದುಕೊಂಡಳು. "ನಂಗೇನೂ ಆಗ್ನಿಲ್ಲ ಬುಡವ್ವ" ಎಂದು ನಡುಗುತ್ತಿದ್ದ ಸೊಸೆಗೆ ಅವಳೇ ಸಮಾಧಾನ ಹೇಳಿದ್ದಳು.

ಡ್ಯೂಟಿ ಮುಗಿಯುವುದು ಆರಕ್ಕೆ, ನಮ್ಮೂರಿಗೆ ಕೊನೆಯ ಬಸ್ಸು ಐದಕ್ಕೆ. ಕಾರು ಬಿಟ್ಟರೆ ಕೆಲಸವನ್ನೂ ಬಿಡಬೇಕು. ಆ ಕೆಲಸಕ್ಕಾಗಿ ಅವಳು ಎಷ್ಟು ಕಷ್ಟಪಟ್ಟಿದ್ದಾಳೆಂದು ನನಗೆ ಗೊತ್ತು.

ನಾನು ಕೆ.ಆರ್.ಪೇಟೆಯ ಕಾಲೇಜಿನಲ್ಲಿ ಭೌತಶಾಸ್ತ್ರದ ಮೇಷ್ಟ್ರು. ಇಪ್ಪತ್ತು ವರ್ಷದಿಂದ ವೋಲ್ಟೇಜು, ಕರೆಂಟು ಅಂತ ಬೋರ್ಡಿನ ಮುಂದೆ ಗಂಟಲು ಹರಿದುಕೊಂಡವನು. ಅಂಥವನು ಎರಡು ದೀಪಕ್ಕೆ ಮೆಕಾನಿಕ್ಕನ ಮನೆ ಬಾಗಿಲಿಗೆ ಹೋಗುವುದುಂಟೆ? ಕಾಲೇಜಿಗೆ ರಜೆ ಹಾಕಿ ಬೆಳಗ್ಗೆಯೇ ಅಂಗಳದಲ್ಲಿ ಬಾನೆಟ್ಟು ಎತ್ತಿದೆ.

ದೀಪದ ಮೇಲಿನ ಗಾಜು ಹಳದಿಗಟ್ಟಿತ್ತು. ಟೂತ್‌ಪೇಸ್ಟ್ ಹಚ್ಚಿ ಉಜ್ಜಿದ್ದೇ ಉಜ್ಜಿದ್ದು. ಗಾಜು ಫಳಫಳ ಅಂದಿತು, ಬೆಳಕು ಮಾತ್ರ ಅಷ್ಟೇ. ಪೇಟೆಗೆ ಹೋಗಿ ಹೊಸ ಬಲ್ಬು ತಂದು ಹಾಕಿದೆ, ಊಹೂಂ. ಬ್ಯಾಟರಿಯ ಟರ್ಮಿನಲ್ಲಿಗೆ ಬಿಸಿನೀರು ಹುಯ್ದು ತಿಕ್ಕಿ, ಮೀಟರ್ ಇಟ್ಟು ನೋಡಿದೆ. ಬ್ಯಾಟರಿ ಹುಲಿಯಂತಿತ್ತು. ಆದರೂ ಕೊಟ್ಟಿಗೆಯ ಕತ್ತಲ ಗೋಡೆಯ ಮೇಲೆ ಬಿದ್ದದ್ದು ಮಜ್ಜಿಗೆ ನೀರಿನಂಥ ಬೆಳಕು. ರೇಗಿಹೋಯಿತು. ಸ್ಪ್ಯಾನರನ್ನು ನೆಲಕ್ಕೆ ಕುಕ್ಕಿದೆ.

ಅವ್ವ ಬೆಳಗಿನಿಂದ ಒರಳುಕಲ್ಲಿನ ಮೇಲೆ ಕೂತು ನೋಡುತ್ತಲೇ ಇದ್ದಳು. ಅಪ್ಪ ಹೋದ ಮೇಲೆ ಗದ್ದೆಯ ಪಂಪ್‌ಸೆಟ್ಟು ಅವಳದೇ ಕಾರುಬಾರು. ಮೋಟರು ಗೊರಗೊರ ಅಂದರೆ ಸಾಕು, ಮೋಟರಿನ ತಂತಿ ನೆಲಕ್ಕಿಳಿಸಿ ಉಪ್ಪು ಇದ್ದಿಲು ತುಂಬಿದ ಅರ್ತಿಂಗ್ ಗುಂಡಿಗೆ ಒಂದು ಕೊಡ ನೀರು ಹುಯ್ಯುತ್ತಾಳೆ. ಅವಳ ಪಾಲಿಗೆ ಕರೆಂಟಿನ ಎಲ್ಲ ಕಾಯಿಲೆಗೂ ಅದೇ ಮದ್ದು.

"ಲೇ, ಇದ್ಕೆ ಅರ್ತಿಂಗ್ ಎಲ್ ಕೊಟ್ಟವ್ರೆ?" ಅಂದಳು.

"ಕಾರಿಗೆಲ್ಲಿ ಅರ್ತಿಂಗ್ ಗುಂಡಿ ತೋಡ್ತಾರವ್ವ?"

"ಅದೇ ಮತ್ತೆ! ನಾಕೂ ರಬ್ಬರ್ ಚಕ್ರದ ಮ್ಯಾಲೆ ನಿಂತದೆ. ನೆಲನೇ ಮುಟ್ನಿಲ್ಲ ಅಂದ್ರೆ ಇನ್ನೆಂಗ್ಲಾ ಉರಿದದು?"

ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ನಗುತ್ತಲೇ ಪಾಠಕ್ಕೂ ಇಳಿದೆ. "ಕಾರಿಗೆ ನೆಲ ಬ್ಯಾಡ ಕಣವ್ವ. ಬಾಡಿ ತಗಡೇ ಅದ್ರ ಅರ್ತು. ದೀಪದಿಂದ ಬಂದ ಕರಿ ವೈರನ್ನ ತಗಡಿಗೆ ಕಟ್ಟಿರ್ತಾರೆ, ಕರೆಂಟು ಆ ದಾರೀಲೇ ವಾಪಸ್ ಬ್ಯಾಟ್ರಿಗೆ ಹೋಗ್ತದೆ."

"ಅಂಗಾ? ಸರಿ, ಎಲ್ ಕಟ್ಟವ್ರೆ ತೋರ್ಸು."

ನನ್ನ ನಗು ಅಲ್ಲೇ ನಿಂತಿತು. ಬೆಳಗಿನಿಂದ ನಾನು ನೋಡದೆ ಇದ್ದದ್ದು ಅದೊಂದೇ ಜಾಗ.

ರೇಡಿಯೇಟರಿನ ಪಕ್ಕದಲ್ಲಿ ಎರಡೂ ದೀಪದ ಕರಿ ವೈರು ಬಂದು ಒಂದೇ ಬೋಲ್ಟಿಗೆ ಸೇರಿದ್ದವು. ಇಂಜಿನ್ನು ಆರಿಸಿ ದೀಪ ಮಾತ್ರ ಹಾಕಿದೆ. ಅವ್ವ ಕುಳಿತಲ್ಲಿಂದಲೇ ಕಾರಿನ ಮೂತಿಯತ್ತ ಜರುಗಿ, ಸ್ವಲ್ಪ ಹೊತ್ತು ಬಿಟ್ಟು ಬೋಲ್ಟಿನ ಮೇಲೆ ಬೆರಳಿಟ್ಟಳು. ಪಂಪ್‌ಸೆಟ್ಟಿನ ಸ್ಟಾರ್ಟರಿನಲ್ಲೂ ಮೇನು ಆರಿಸಿದ ಕೂಡಲೇ ಹೀಗೇ ಮುಟ್ಟಿ ಮುಟ್ಟಿ, ಬಿಸಿ ನೋಡಿ ಸಡಿಲ ಜಾಯಿಂಟು ಹುಡುಕುವವಳು. "ಅಬ್ಬಾ, ಸುಡ್ತದಲ್ಲೋ!" ಎಂದು ಕೈ ಕೊಡವಿದಳು. ನಾನು ಮೀಟರಿನ ಒಂದು ಕಡ್ಡಿಯನ್ನು ಕರಿ ವೈರಿಗೂ ಇನ್ನೊಂದನ್ನು ಬ್ಯಾಟರಿಯ ಮೈನಸ್ಸಿಗೂ ಇಟ್ಟೆ. ಸೊನ್ನೆಯ ಹತ್ತಿರ ಇರಬೇಕಾದದ್ದು ಎರಡು ವೋಲ್ಟಿನ ಹತ್ತಿರ ನಿಂತಿತ್ತು. ಗೋಡೆಯ ಮೇಲೆ ಬೀಳಬೇಕಾದ ಬೆಳಕು ಆ ಬೋಲ್ಟಿನಡಿ ಬಿಸಿಯಾಗಿ ಹೋಗುತ್ತಿತ್ತು! ಇಪ್ಪತ್ತು ವರ್ಷ ಬೋರ್ಡಿನ ಮೇಲೆ ಬರೆದದ್ದನ್ನು ಅವ್ವನ ಬೆರಳು ಓದಿಬಿಟ್ಟಿತ್ತು.

ಬೋಲ್ಟು ಬಿಚ್ಚಿದೆ. ಅಡಿಯಲ್ಲಿ ದಪ್ಪನೆಯ ಬೆಳ್ಳಿ ಬಣ್ಣ. ಮಳೆಗಾಲದಲ್ಲಿ ಗೇಟಿಗೆ ಬಳಿದು ಉಳಿದಿದ್ದ ಬಣ್ಣ ಅದು. ತುಕ್ಕು ಕಂಡಿತೆಂದು ನಾನೇ ಬೋಲ್ಟು ಬಿಚ್ಚಿ, ಧಾರಾಳವಾಗಿ ಬಳಿದು, ಅದರ ಮೇಲೇ ಬಿಗಿದಿದ್ದೆ. ಬಣ್ಣದ ಮೇಲೆ ಕರೆಂಟು ಹರಿಯುವುದಿಲ್ಲ ಎಂದು ಹೈಸ್ಕೂಲು ಮಕ್ಕಳಿಗೂ ಗೊತ್ತು. ಬೋಲ್ಟಿನ ಸಂದಿಯಿಂದ ಅಷ್ಟಿಷ್ಟು ನುಸುಳಿದ್ದಕ್ಕೇ ಆ ಮಂಕು ಬೆಳಕು. ಮೋರಿಯ ಹತ್ತಿರ ನಮ್ಮವ್ವನನ್ನು ಕೊಲ್ಲಹೊರಟಿದ್ದು ನಾನೇ.

ಹೇಳಿದೆ. ಅವ್ವನಿಂದ ಮುಚ್ಚಿಡಲಾಗಲಿಲ್ಲ. "ನೀನು ಬುಡು, ಸಣ್ಣೋನಿದ್ದಾಗ್ಲೂ ಕೈಗೆ ಸಿಕ್ಕಿದ್ಕೆಲ್ಲ ಬಣ್ಣ ಬಳೀತಿದ್ದೆ" ಎಂದು ಅವ್ವ ನಕ್ಕುಬಿಟ್ಟಳು.

ಉಪ್ಪು ಕಾಗದದಲ್ಲಿ ತಗಡು ಬೆಳ್ಳಗಾಗುವವರೆಗೆ ಉಜ್ಜಿ ಬೋಲ್ಟು ಬಿಗಿದೆ. ದೀಪ ಹಾಕಿದರೆ ಕೊಟ್ಟಿಗೆಯ ಗೋಡೆಯಲ್ಲಿ ಮೆತ್ತಿದ್ದ ಸಗಣಿಯ ಬೆರಳಚ್ಚುಗಳೂ ಎಣಿಸುವಂತೆ ಕಂಡವು. ಎಮ್ಮೆ ಬೆಚ್ಚಿ ಎದ್ದು ನಿಂತಿತು.

ಹೆಂಡತಿ ಮಾತ್ರ ಜಪ್ಪಯ್ಯ ಅಂದರೂ ಒಪ್ಪಲಿಲ್ಲ. "ಗೋಡೆ ಬುಡ್ರಿ, ಕಾಣ್ತದೆ, ರೋಡಲ್ಲಿ ಮನುಷ್ರು ಕಾಣ್ಬೇಕಲ್ಲ" ಅಂದಳು. ಸಂಜೆ ಕತ್ತಲಾಗುತ್ತಲೇ ಅವ್ವ ಹಿಂದಿನ ದಿನ ಉಟ್ಟಿದ್ದ ಕಡುಗಪ್ಪು ಸೀರೆಯನ್ನೇ ಉಟ್ಟು, ಹುಲ್ಲಿನ ಹೊರೆ ಹೊತ್ತು, "ಮೋರಿ ತಾವ ನಿಂತ್ಕತೀನಿ, ನಾನ್ ಕಂಡ್ರೆ ಓಡ್ಸವ್ವ" ಎಂದು ಸೊಸೆಗೆ ಹೇಳಿ ಹೊರಟಳು. ನಾನು ಹೋಗಿ ನಿಲ್ಲುತ್ತೇನೆಂದರೆ, "ನಿನ್ ಬಿಳಿ ಅಂಗಿ ಎಂಥಾ ಕುಲ್ಡನ್ಗೂ ಕಾಣ್ತದೆ, ಸುಮ್ಕಿರು" ಅಂದಳು. ಅತ್ತೆ ಹೊರಟ ಮೇಲೆ ಸೊಸೆ ಕೂತಿರುವುದೆಂತು? ನಾನು ರಸ್ತೆಗೆ ತಂದು ಮೋರಿಯ ಕಡೆ ಮುಖ ಮಾಡಿ ನಿಲ್ಲಿಸಿದ ಕಾರಿನಲ್ಲಿ ಸ್ಟೀರಿಂಗಿನ ಮುಂದೆ ಕೂತಳು, ಪಕ್ಕದಲ್ಲಿ ನಾನು. ದೀಪ ಹಾಕಿದಳು.

ರಸ್ತೆ ಉದ್ದಕ್ಕೂ ಬೆಳಗಿತು. ಮೋರಿ, ಅದರಾಚೆಯ ಕಬ್ಬಿನ ಗದ್ದೆ, ನಡುವೆ ಹೊರೆ ಹೊತ್ತ ಅವ್ವ. ಎಷ್ಟು ದೂರ! ನಾನು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದೆ.

"ರೀ, ಅತ್ತೆ ಕುಂಟ್ತಾವ್ರೆ" ಅಂದಳು ಹೆಂಡತಿ.

ಗೇರು ಹಾಕಿದ್ದು ಅವಳಿಗೇ ಗೊತ್ತಾಗಲಿಲ್ಲವೇನೋ. ಕಾರನ್ನು ಅವ್ವನ ಪಕ್ಕಕ್ಕೆ ತಂದು ನಿಲ್ಲಿಸಿ, ಇಳಿದು ಸೀರೆಯ ನೆರಿಗೆ ಸರಿಸಿದಳು. ಕಣಕಾಲು ಬೆಲ್ಲದಚ್ಚಿನಂತೆ ಊದಿ ಕಪ್ಪಿಟ್ಟಿತ್ತು. ಚರಂಡಿಗೆ ಹಾರಿದಾಗ ಆದದ್ದು. ಸೊಸೆ ಕಾರು ಓಡಿಸುವುದನ್ನೇ ಬಿಟ್ಟಾಳೆಂದು ಅವ್ವ ಒಂದು ಮಾತೂ ಆಡದೆ, ದಿನವಿಡೀ ಒರಳುಕಲ್ಲು ಬಿಟ್ಟು ಏಳದೆ ಕೂತಿದ್ದಳು. ಈಗ ಅದೇ ಕಾಲಿನಲ್ಲಿ ಇಷ್ಟು ದೂರ ನಡೆದು ಬಂದಿದ್ದಳು.

ಹೆಂಡತಿ ಅವ್ವನನ್ನು ಹಿಂದಿನ ಸೀಟಿಗೆ ಹತ್ತಿಸಿದಳು. "ಇಷ್ಟಕ್ಕೆಲ್ಲ ಆಸ್ಪತ್ರೆ ಯಾಕವ್ವ?" ಅಂದಳು ಅವ್ವ.

"ನೀವ್ ಮಾತಾಡ್ಬ್ಯಾಡಿ ಅತ್ತೆ, ಕಾಲ್ ನೀಡ್ಕೊಂಡು ಕೂತ್ಕಳಿ" ಎಂದು ಗದರಿ, ಕಣ್ಣೊರೆಸಿಕೊಂಡು, ನನ್ನ ಹೆಂಡತಿ ಕಾರನ್ನು ಬೆಳ್ಳೂರಿನ ಕಡೆ ತಿರುಗಿಸಿದಳು. ನಾನು ಹಿಂದಿನ ಸೀಟಿನಲ್ಲಿ ಅವ್ವನ ಕಾಲನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದೆ. ಅವ್ವ ದಾರಿಯುದ್ದಕ್ಕೂ ಮುಂದಿನ ಗಾಜಿನಾಚೆಯ ಬೆಳಕನ್ನೇ ನೋಡುತ್ತಿದ್ದಳು.